ಸಿಟ್ಟಿನ ಹಾಳೆ

ಒಣಗರಿ ಸುಡುವ ವಾಸನೆ ಬಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಮಾನ್ವಿಯ ನಮ್ಮ ಚರ್ಚಿನ ಅಂಗಳದಲ್ಲಿ ಆ ಮಧ್ಯಾಹ್ನ ಅಜ್ಜಿ, ಅತ್ತೆ, ನಾನು ಇದ್ದೆವು. ಮರುದಿನ ಬೂದಿ ಬುಧವಾರ. ಎಲ್ಲರ ಹಣೆಗೆ ಹಚ್ಚುವ ಬೂದಿಗಾಗಿ, ಹೋದ ವರ್ಷ ಗರಿಗಳ ಭಾನುವಾರಕ್ಕೆ ತಂದ ಈಚಲ ಗರಿಗಳನ್ನು ಅತ್ತೆ ಕಬ್ಬಿಣದ ಬಾಣಲೆಯಲ್ಲಿ ಸುಡುತ್ತಿದ್ದಳು. ಅವ್ವ ರಾಯಚೂರಿನ ಆಸ್ಪತ್ರೆಯಲ್ಲಿದ್ದಳು. ಅವಳು ಬಂದ ಮೇಲೆ ಓದಿ ಹೇಳಬೇಕೆಂದು ನಾನು ಆ ವಾರವಷ್ಟೇ ದಿನಚರಿ ಬರೆಯತೊಡಗಿದ್ದೆ. ಸೀದ ರೊಟ್ಟಿ, ಹರಿದ ಚಪ್ಪಲಿ, ಸಂಜೆಯ ಜಪಮಾಲೆ ಎಲ್ಲವೂ ಅದರಲ್ಲಿದ್ದವು. ಅತ್ತೆ ಅದನ್ನು ಕಸಿದು ಗಟ್ಟಿಯಾಗಿ ಓದಿದಳು.

“‘ಯೇಸುಸ್ವಾಮಿ, ದಿನಾ ಜಪಮಾಲಿ ಮಾಡಿದ್ರೂ ಅವ್ವನ ಜ್ವರ ಇಳಿಸಲಿಲ್ಲ. ನಿನ್ನ ಕೂಡ ಮಾತು ಬಿಟ್ಟೀನಿ.’ ಕೇಳಿದೇನ್ ಯವ್ವಾ? ದೇವರ ಕೂಡ ಜಗಳಕ್ಕ ನಿಂತಾಳ ನಿನ್ನ ಮೊಮ್ಮಗಳು!”

“ಆಕಿ ದೇವರಿಗೆ ಬರದದ್ದು ನೀ ಯಾಕ ಓದ್ತೀ ಬೇ? ನೀ ಏನ್ ದೇವರೇನು?” ಎಂದಳು ಅಜ್ಜಿ.

“ಇದು ಪಾಪದ ಮಾತು, ಸುಟ್ಟು ಹೋಗ್ಲಿ” ಎನ್ನುತ್ತಾ ಅತ್ತೆ ಆ ಹಾಳೆಯನ್ನು ಹರಿದು ಬಾಣಲೆಗೆ ಎಸೆದಳು. ನನ್ನ ಅಕ್ಷರಗಳು ಮುದುರಿ ಕಪ್ಪಾದವು. ನಾನು ಅಳಲಿಲ್ಲ, ಹಲ್ಲು ಕಚ್ಚಿ ನಿಂತೆ. ಅತ್ತೆ ಗರಿಯ ಬೂದಿ, ಹಾಳೆಯ ಬೂದಿ ಎರಡನ್ನೂ ಒಟ್ಟಿಗೇ ಜರಡಿ ಹಿಡಿದಳು.

ಮರುದಿನ ಪೂಜೆಯಲ್ಲಿ ಅತ್ತೆ ಸಾಲಿನ ಮುಂದೆ ನಿಂತಿದ್ದಳು. ಫಾದರ್ ಆ ಬೂದಿಯಲ್ಲಿ ಬೆರಳದ್ದಿ ಅವಳ ಹಣೆಗೆ ಶಿಲುಬೆ ಎಳೆದರು.