ಐರಿಶ್ ಕೊಳಲಿಗೆ ಅಪ್ಪ ಹಾಕಿದ ತಾಳ

ನಾನೀಗಿರುವ ಡಚ್ ಊರು ಡೀಮೆನ್‌ನ ಟ್ರಾಮಿನಲ್ಲಿ ಯಾರಾದರೂ ತಗಡಿನ ಕೊಳಲು ನುಡಿಸಿದರೆ ಈಗಲೂ ನನ್ನ ತಲೆ ತಗ್ಗುತ್ತದೆ.

ನನಗಾಗ ಹನ್ನೊಂದು ವರ್ಷ. ದೇಶದೇಶ ಸುತ್ತಿದ್ದ ಹಳೆಯ ಐರಿಶ್ ಸಂಗೀತ ತಂಡವೊಂದು ಒಂದು ಮಧ್ಯಾಹ್ನ ನಾವು ಆಗಿದ್ದ ಊರು ನ್ಯೂವೆಗೈನ್‌ಗೆ ಬಂದಿತ್ತು. ಮೈಸೂರಿನಲ್ಲಿದ್ದಾಗಲೇ ಅವರ ಕ್ಯಾಸೆಟ್ಟುಗಳನ್ನು ಸವೆಸಿದ್ದ ಅಪ್ಪ ನನ್ನನ್ನೂ ಕರೆದೊಯ್ದರು.

"ಕೇಳೇ, ನಮ್ಮ ತಿಶ್ರ ನಡೆನೇ ಇದು!" ಎನ್ನುತ್ತಾ ತೊಡೆ ತಟ್ಟಿ ಜೋರಾಗಿ ತಾಳ ಹಾಕತೊಡಗಿದರು.

ಮುಂದಿನ ಸಾಲಿನಲ್ಲಿದ್ದ ನನ್ನ ಕ್ಲಾಸಿನ ಹುಡುಗಿ ತಿರುಗಿ ನಕ್ಕಳು. "ನಿನ್ನ ಅಪ್ಪನಾ?" ಎಂದು ಡಚ್‌ನಲ್ಲಿ ಕೇಳಿದಳು.

"ಅಲ್ಲ" ಎಂದೆ.

ಅಪ್ಪನಿಗೆ ಅಷ್ಟು ಡಚ್ ಬರುತ್ತಿತ್ತು. ಅವರ ಕೈ ನಿಂತಿತು.

ಕೊನೆಗೆ ವಯಸ್ಸಾದ ಕೊಳಲುವಾದಕರು ವೇದಿಕೆ ಇಳಿದು ಬಂದು ಅಪ್ಪನ ಕೈ ಕುಲುಕಿದರು. "ತಾಳ ಯಾಕೆ ನಿಲ್ಲಿಸಿದಿರಿ? ಬನ್ನಿ, ಫೋಟೊ ತೆಗೆಸಿಕೊಳ್ಳೋಣ. ಜೊತೆಗೆ ಯಾರಿದ್ದಾರೆ?"

ಆ ಹುಡುಗಿ ಇನ್ನೂ ಅಲ್ಲೇ ನಿಂತಿದ್ದಳು. ಅಪ್ಪ ನನ್ನತ್ತ ನೋಡದೆ, "ಯಾರೂ ಇಲ್ಲ, ಒಬ್ಬನೇ ಬಂದಿದ್ದೀನಿ" ಎಂದರು.