ಇನ್ನು ನೂರು ಹೆಜ್ಜೆ

"ಲೇ ರಾಧಾಮಣಿ, ಕಾಲು ಎತ್ತೆ! ಹಿಂದಿರೋರು ಕಾಯ್ತಾವ್ರೆ!"

ಮುತ್ತುರಾಜ್ ಮೇಲಿನಿಂದ ಕೂಗಿದ. ಮಧುಗಿರಿ ಬೆಟ್ಟದ ಆ ಭಾಗದಲ್ಲಿ ಮೆಟ್ಟಿಲು ಮುಗಿದು ಬರೀ ಬೋಳು ಬಂಡೆ. ಅದರಲ್ಲಿ ಪಾದ ಊರಲು ಕೊರೆದ ಕಚ್ಚುಗಳು, ಪಕ್ಕದಲ್ಲೊಂದು ಕಬ್ಬಿಣದ ಕಂಬಿ. ಅವನ ಹೆಂಡತಿ ಆ ಕಂಬಿಯನ್ನು ತಬ್ಬಿಕೊಂಡು ನಿಂತುಬಿಟ್ಟಿದ್ದಳು. ಪುರವರದ ಶಾಲೆಗೆ ಪಾಠ ಹೇಳಲು ಹೋಗುವಾಗ ಬಸ್ಸಿನ ಕಿಟಕಿಯಿಂದ ಅವಳು ದಿನವೂ ನೋಡುವ ಬೆಟ್ಟ. ಹತ್ತುತ್ತಿದ್ದುದು ಇದೇ ಮೊದಲು.

"ರೀ, ಕಾಲು ನಡುಗ್ತೈತೆ. ಒಸಿ ಕೈ ಕೊಡ್ರಿ."

"ಮೂರು ಸಲ ಹತ್ತಿದೀನಿ, ನಂಗ್ಯಾರು ಕೈ ಕೊಟ್ರು? ನಿಂಗಾಗಲ್ಲ ಅಂತ ಮನೇಲೇ ಹೇಳ್ದೆ. ಇಲ್ಲೇ ಬಿದ್ದಿರು!"

ಹಿಂದಿದ್ದವರು ಕಿಸಕ್ಕನೆ ನಕ್ಕು ಅವಳನ್ನು ದಾಟಿ ಹೋದರು. ನೀರಿನ ಬಾಟಲಿಯಿದ್ದ ಚೀಲದ ಸಮೇತ ಅವನೂ ಬಂಡೆಯ ತಿರುವಿನಲ್ಲಿ ಮರೆಯಾದ.

ಅವಳಿಗೆ ಮೊದಲು ಅಳು ಬಂತು. ಆಮೇಲೆ ಸಿಟ್ಟು ಉಕ್ಕಿತು. ಸ್ಕೂಟರ್ ಕಲಿಯುತ್ತೇನೆ ಅಂದಾಗಲೂ ನಿಂಗಾಗಲ್ಲ. ಬಿ.ಎಡ್. ಪರೀಕ್ಷೆಗೆ ಕಟ್ಟುತ್ತೇನೆ ಅಂದಾಗಲೂ ನಿಂಗಾಗಲ್ಲ. ರಾಧಾಮಣಿ ಶೂ ಬಿಚ್ಚಿ ದುಪಟ್ಟಾದಲ್ಲಿ ಕಟ್ಟಿ ಬೆನ್ನಿಗೆ ಹಾಕಿಕೊಂಡಳು. ಬರಿಗಾಲನ್ನು ಮುಂದಿನ ಕಚ್ಚಿಗಿಟ್ಟಳು. ಒಂದೊಂದು ಕಚ್ಚಿಗೂ ಗಂಡನಿಗೆ ಒಂದೊಂದು ಬೈಗುಳ. ಕಂಬಿ ಇಲ್ಲದ ಕಡೆ ಅಂಬೆಗಾಲಿಟ್ಟಳು, ಮಂಡಿ ತರಚಿತು. ಭಯ ಹೋಗಿರಲಿಲ್ಲ, ಅದರ ಮಾತು ಕೇಳುವಷ್ಟು ಪುರುಸೊತ್ತಿರಲಿಲ್ಲ.

ತಿರುವು ದಾಟಿದರೆ, ಮುತ್ತುರಾಜ್ ಬಂಡೆಗೆ ಬೆನ್ನು ಒತ್ತಿ, ಚೀಲ ಅವುಚಿಕೊಂಡು, ಕಣ್ಣು ಮುಚ್ಚಿ ಕೂತಿದ್ದ.

"ಕೆಳಕ್ಕೆ ನೋಡ್ಬುಟ್ಟೆ ಕಣೆ. ತಲೆ ಸುತ್ತುತೈತೆ. ಮ್ಯಾಕೂ ಆಗಲ್ಲ, ಕೆಳಕ್ಕೂ ಆಗಲ್ಲ."

"ಮೂರು ಸಲ ಹತ್ತಿದ್ರಲ್ಲ?"

"ಇಲ್ಲೀಗಂಟ ಬಂದಿರ್ಲಿಲ್ಲ," ಅವನ ದನಿ ಇಳಿದಿತ್ತು.

ಅವಳು ಚೀಲ ಕಿತ್ತುಕೊಂಡು ಮೊದಲು ತಾನು ನೀರು ಕುಡಿದಳು. ತಲೆಯೆತ್ತಿದರೆ ತುದಿಯ ಕೋಟೆಗೋಡೆ ಕಾಣುತ್ತಿತ್ತು. ಹೆಚ್ಚೆಂದರೆ ಇನ್ನು ನೂರು ಹೆಜ್ಜೆ. ಹೋಗಿಬಿಡಬಹುದಿತ್ತು. ಆದರೆ ಅವನ ತುಟಿ ಬಿಳಿಚಿತ್ತು. ಹಲ್ಲು ಕಚ್ಚಿಕೊಂಡು ಕೆಳಮುಖವಾಗಿ ತಿರುಗಿದಳು. ಅವನಿಗಿಂತ ಒಂದು ಕಚ್ಚು ಕೆಳಗೆ ನಿಂತು, ಅವನ ಪಾದವನ್ನು ತನ್ನ ಕೈಯಿಂದಲೇ ಹಿಡಿದು ಒಂದೊಂದಾಗಿ ಕಚ್ಚಿನೊಳಗೆ ಕೂರಿಸುತ್ತಾ ಇಳಿಸಿದಳು. ಮೆಟ್ಟಿಲು ಸಿಗುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು.

ಬುಡದ ಟೀ ಅಂಗಡಿಯಲ್ಲಿ ಮುತ್ತುರಾಜನ ಗೆಳೆಯ ಸುರೇಶ್ ಕಾದಿದ್ದ. "ಏನಣ್ಣ, ತುದಿ ಮುಟ್ಟಿದ್ರಾ?"

ಮುತ್ತುರಾಜ್ ಒಂದು ಗುಟುಕು ಟೀ ಹೀರಿದ. ಮುಖಕ್ಕೆ ಬಣ್ಣ ಬಂತು. "ಎಲ್ಲಿ ಮುಟ್ಟದು? ಇವಳು ಅರ್ಧಕ್ಕೇ ಹೆದರ್ಕಂಡ್ಳು. ಹೆಂಗೋ ಹುಷಾರಾಗಿ ಇಳಿಸ್ಕಂಡು ಬಂದೆ."

ಸುರೇಶ್ ಕನಿಕರದಿಂದ ಅವಳತ್ತ ನೋಡಿದ. ರಾಧಾಮಣಿ ಟೀ ಮುಟ್ಟಲಿಲ್ಲ. ಬಾಟಲಿಗೆ ನೀರು ತುಂಬಿಕೊಂಡು ಬೆಟ್ಟದ ಕಡೆ ಹೊರಟಳು.

"ಲೇ, ಎಲ್ಲಿಗೆ? ಬಿಸಿಲು ಏರ್ತೈತೆ!"

ಅವಳು ಮೊದಲ ಮೆಟ್ಟಿಲ ಮೇಲೆ ನಿಂತು, ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದಳು:

"ನಿಮ್ಮನ್ನ ಇಳ್ಸಿದ್ದಾಯ್ತಲ್ಲ. ಈಗ ನಾನು ಹತ್ತಬೇಕು."