ಬರೀ ಟಾನಿಕ್ಕು

ಗುಬ್ಬಿ ಬಸ್ ಸ್ಟ್ಯಾಂಡಿನ ಎದುರಿಗಿದ್ದ ತನ್ನ ಗೊಬ್ಬರದ ಅಂಗಡಿಯಲ್ಲಿ ಗುರುಪ್ರಕಾಶ ಹೆಂಡತಿಯ ಅಂಗೈಗೆ ಮಾತ್ರೆಗಳನ್ನು ಸುರಿದ. ಕೆಂಪನೆಯದೊಂದು, ಹಳದಿಯದೊಂದು, ಜೇನುತುಪ್ಪದ ಬಣ್ಣದ ಉದ್ದನೆಯದೊಂದು. ಎಲ್ಲವೂ ವಿಟಮಿನ್ನೇ. ಆ ಉದ್ದನೆಯದು ಮೀನೆಣ್ಣೆಯದು. ಮಿದುಳಿಗೆ ಬಲು ಒಳ್ಳೆಯದೆಂದು ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ಕೇಳಿ ತರಿಸಿದ್ದ. ಲಿಂಗಪೂಜೆಯಾಗದೆ ಹನಿ ನೀರು ಮುಟ್ಟದ ತಾಯಿ ಬಸವಲಿಂಗಮ್ಮನ ಕಣ್ಣಿಗೆ ಬಿದ್ದರೆ ರಂಪವಾದೀತೆಂದು ಡಬ್ಬಿಯ ಮೇಲಿನ ಮೀನಿನ ಚಿತ್ರವನ್ನು ಉಗುರಿನಿಂದ ಕೆರೆದು ತೆಗೆದಿದ್ದ. ಹೆಂಡತಿಯ ಮೇಲೆ ಕಾಳಜಿ ಇಲ್ಲವೆಂದು ಅವನನ್ನು ಯಾರೂ ಅನ್ನುವಂತಿರಲಿಲ್ಲ. ಸುಮನಾ ಎಲ್ಲವನ್ನೂ ನುಂಗಿ ನೀರು ಕುಡಿದಳು.

ಇಷ್ಟರಲ್ಲೂ ಇಲ್ಲದ್ದೆಂದರೆ, ತುಮಕೂರಿನ ಡಾಕ್ಟರಮ್ಮ ಅವಳ ಖಿನ್ನತೆಗೆಂದು ಬರೆದುಕೊಟ್ಟಿದ್ದ ಮಾತ್ರೆ ಮಾತ್ರ. ರಕ್ತದಲ್ಲಿ ಬಿ ಟ್ವೆಲ್ವ್ ಕಡಿಮೆ ಇದೆ, ಅದಕ್ಕೂ ಒಂದು ಮಾತ್ರೆ ಕೊಡುತ್ತೇನೆ, ಆದರೆ ಈ ಮುಖ್ಯವಾದದ್ದನ್ನು ನಾನು ಹೇಳುವ ತನಕ ಬಿಡಬೇಡಿ ಎಂದು ಆಯಮ್ಮ ಬಿಡಿಸಿ ಬಿಡಿಸಿ ಹೇಳಿದ್ದರು. ಗುರುಪ್ರಕಾಶನ ಕಿವಿಗೆ ಹೋದದ್ದು ಬಿ ಟ್ವೆಲ್ವ್ ಒಂದೇ. ವಿಟಮಿನ್ ಕಡಿಮೆ ಎಂದರೆ ಮರ್ಯಾದಸ್ಥರ ಕಾಯಿಲೆ, ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು. ಇನ್ನೊಂದು, ಅವನ ಲೆಕ್ಕದಲ್ಲಿ, ಹುಚ್ಚಿನ ಮಾತ್ರೆ. ಎರಡು ತಿಂಗಳು ನುಂಗಿ ಸುಮನಾ ಮೊದಲಿನಂತೆ ನಗತೊಡಗಿದ್ದೇ ತಡ, ವಾಸಿಯಾಯಿತಲ್ಲ, ಇನ್ನೇಕೆ ಎಂದು ಉಳಿದದ್ದನ್ನು ಕಸದ ಬುಟ್ಟಿಗೆ ಹಾಕಿದ.

ಈಗ ಮತ್ತೆ ಶುರುವಾಗಿತ್ತು. ಹೋದ ವಾರ ಹಾಲು ಉಕ್ಕಿ ಕಟ್ಟೆಯೆಲ್ಲ ಹರಿಯುತ್ತಿದ್ದರೂ ಅವಳು ನೋಡುತ್ತಾ ನಿಂತಿದ್ದಳು, ಗ್ಯಾಸ್ ಆರಿಸಲು ಕೈಯೇ ಏಳಲಿಲ್ಲ. ಕಳೆದ ಸಲ ತಾನು ಎಷ್ಟು ಆಳಕ್ಕೆ ಇಳಿದಿದ್ದೆ ಎಂಬುದು ನೆನಪಾಗಿ ಅವಳಿಗೆ ನಿಜಕ್ಕೂ ಭಯವಾಗಿತ್ತು. ಆ ಮಾತ್ರೆ ತಂದುಕೊಡಿ ಎಂದು ಕೇಳಿದಳು. ಅತ್ತೆ ದಿನಾ ಒಂದೆಲಗದ ಚಟ್ನಿ ಅರೆಯಲು ಶುರುಮಾಡಿದರು, ಗಂಡ ಮೀನೆಣ್ಣೆ ತಂದ. ಮನೆಯಲ್ಲಿ ಸುಮ್ಮನೆ ಕೂತರೆ ಹೀಗೇ, ನಾಲ್ಕು ಜನರ ನಡುವೆ ಇದ್ದರೆ ಸರಿಹೋಗುತ್ತಾಳೆ ಎಂದು ಅಂಗಡಿಗೆ ಕರೆತಂದು ಬಿಲ್ ಬರೆಯಲು ಕೂರಿಸಿದ.

ಆಗಲೇ ಹಾಗಲವಾಡಿ ಕಡೆಯ ರೈತ ಚೌಡಪ್ಪ ಬಂದು, ಟವೆಲಿನ ಗಂಟು ಬಿಚ್ಚಿ, ಕಪ್ಪು ಚುಕ್ಕೆ ಬಿದ್ದ ಟೊಮೇಟೊ ಎಲೆಗಳನ್ನು ಗಲ್ಲಾ ಮುಂದೆ ಹರಡಿದ. ಹಿಂದೆ ಔಷಧಿ ಹೊಡೆದಾಗ ಎಲೆ ಹಸಿರಾಗಿತ್ತಂತೆ, ಸಾಕೆಂದು ನಿಲ್ಲಿಸಿದನಂತೆ. ಈಗ ಔಷಧಿಯೇನೂ ಬೇಡ, ಗಿಡಕ್ಕೆ ಒಂದಿಷ್ಟು ಶಕ್ತಿ ಬರುವ ಹಾಗೆ ಒಳ್ಳೇ ಟಾನಿಕ್ ಕೊಡಿ ಸ್ವಾಮಿ ಎಂದ. ಗುರುಪ್ರಕಾಶನಿಗೆ ಎಲ್ಲಿತ್ತೋ ಸಿಟ್ಟು.

“ಅಲ್ಲಾ ಚೌಡಪ್ಪ, ರೋಗ ಬಿದ್ದಿರೋ ಗಿಡಕ್ಕೆ ಬರೀ ಟಾನಿಕ್ ಹೊಡುದ್ರೆ ಏನಪ್ಪಾ ಬಂತು? ಔಷಧಿ ಹೊಡಿ, ಅದ್ರ ಜೊತೆಗೆ ಟಾನಿಕ್ಕೂ ಕೊಡು, ಬ್ಯಾಡ ಅನ್ನಲ್ಲ. ಎಲೆ ಹಸಿರಾಯ್ತು ಅಂತ ಅರ್ಧಕ್ಕೇ ನಿಲ್ಲಿಸ್ಬುಟ್ರೆ ರೋಗ ಡಬಲ್ಲಾಗಿ ತಿರುಗಿ ಬರ್ತದೆ. ನಾನು ಹೇಳೋಗಂಟ ನಿಲ್ಲಿಸ್ಬೇಡ.”

ಚೌಡಪ್ಪ ಬೈಸಿಕೊಂಡವನಂತೆ ತಲೆಯಾಡಿಸಿದ. ಬಿಲ್ ಬರೆಯುತ್ತಿದ್ದ ಸುಮನಾಳ ಕೈ ನಿಂತಿತು.

“ರೀ, ಮತ್ತೆ ನಂಗ್ಯಾಕೆ ಬರೀ ಟಾನಿಕ್ಕು?”

ಗುರುಪ್ರಕಾಶ ಏನೆಂದು ಗೊತ್ತಾಗದೆ ನೋಡಿದ. ನನ್ನ ಮಾತ್ರೆಯನ್ನೂ ನೀವು ಅರ್ಧಕ್ಕೇ ನಿಲ್ಲಿಸಿದಿರಲ್ಲ ಎಂದು ಅವಳು ಬಿಡಿಸಿ ಹೇಳಿದ ಮೇಲೆ, ಚೌಡಪ್ಪನ ಕಡೆ ಓರೆಗಣ್ಣು ಹಾಯಿಸಿ, ದನಿ ತಗ್ಗಿಸಿ, ಮಗುವಿಗೆ ಬುದ್ಧಿ ಹೇಳುವಂತೆ ಹೇಳಿದ.

“ಅದು ಬೆಳೆ ಕಣೇ. ಹೋದ್ರೆ ಅಷ್ಟೂ ಲಾಸು.”

ಹೇಳಿ, ಔಷಧಿಯ ಡಬ್ಬ ತೆಗೆಯಲು ಆರಾಮಾಗಿ ರ್‍ಯಾಕಿನ ಕಡೆ ತಿರುಗಿದ. ತಾನು ಏನಂದೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಸುಮನಾಳಿಗೆ ಮೊದಲು ಅಳು ಬಂತು, ಆಮೇಲೆ ಮೈಯೆಲ್ಲ ಉರಿಯುವಂಥ ಸಿಟ್ಟು. ಎಷ್ಟೋ ದಿನದಿಂದ ಅವಳಿಗೆ ಯಾವುದಕ್ಕೂ ಸಿಟ್ಟೇ ಬಂದಿರಲಿಲ್ಲ. ಪೆನ್ನು ಮುಚ್ಚಿಟ್ಟು, ಕೈಚೀಲ ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಿಕೊಂಡು ಅಂಗಡಿಯ ಮೆಟ್ಟಿಲಿಳಿದಳು. ಎದುರಿಗೆ ತುಮಕೂರಿನ ಬಸ್ಸು ಹೊರಡಲು ಸಿದ್ಧವಾಗಿತ್ತು.

“ಎಲ್ಲಿಗೇ ಹೊರಟೆ? ಬಿಲ್ ಯಾರ್ ಬರೀತಾರೆ?”

“ಡಾಕ್ಟ್ರಮ್ಮನ ಹತ್ರ ಹೋಗ್ತಿದೀನಿ,” ಎಂದಳು ಸುಮನಾ, ಚೌಡಪ್ಪನಿಗೂ ಕೇಳಿಸುವಷ್ಟು ಗಟ್ಟಿಯಾಗಿ. “ಯಾರಾದ್ರೂ ಕೇಳಿದ್ರೆ ಟೊಮೇಟೊಗೆ ಔಷಧಿ ತರೋಕೆ ಹೋಗವ್ಳೆ ಅನ್ನಿ. ನಿಮ್ ಮರ್ಯಾದೆ ಉಳೀತದೆ.”